ಯಾರದೋ ಬೆರಳಿನ ತೊಂಬತ್ತೆಂಟು

ಈಗ್ಗೆ ಮೂರು ಮಳೆಗಾಲಗಳ ಹಿಂದಿನ ಮಾತು. ನಾನಾಗ ದಾವಣಗೆರೆಯಲ್ಲಿ ಒಂದು ಪ್ರಾಯೋಗಿಕ ಯೋಜನೆಯ ನೆಟ್‌ವರ್ಕ್ ಮುಖ್ಯಸ್ಥನಾಗಿದ್ದೆ. ಅದಕ್ಕೂ ಮೊದಲು ಇಪ್ಪತ್ತೊಂಬತ್ತು ವರ್ಷ ದೂರವಾಣಿ ಇಲಾಖೆಯಲ್ಲಿ ಟವರ್ ನಿಲ್ಲಿಸುವುದು, ಕೇಬಲ್ ಎಳೆಸುವುದು, ಕೆಟ್ಟಾಗ ಜನರ ಬೈಗುಳ ತಿನ್ನುವುದು ನನ್ನ ಕೆಲಸವಾಗಿತ್ತು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಆರು ತಿಂಗಳು ಕೂತೆ. ಹೆಂಡತಿಯೇ ಬೇಸತ್ತು, ಎಲ್ಲಾದರೂ ಹೋಗಿ ಕೆಲಸ ಮಾಡಿ ಎಂದಳು. ಹಾಗೆ ಸಿಕ್ಕಿದ ಕೆಲಸ ಇದು. ಇಲ್ಲಿ ಬರುವವರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ನಾನು ಮಾಡಿದ್ದನ್ನು ಮಾತ್ರ ಬದಲಿಸಿಲ್ಲ.

ಯೋಜನೆ ಏನೆಂದು ಮೊದಲು ಹೇಳಬೇಕು. ಪ್ರವಾಹ ಬಂದಾಗ ಮೊದಲು ಸಾಯುವುದು ಮೊಬೈಲ್ ಟವರ್. ಬುಡದಲ್ಲಿರುವ ಬ್ಯಾಟರಿ ನೆನೆಯುತ್ತದೆ, ಜನರೇಟರ್ ಮುಳುಗುತ್ತದೆ, ಎಲ್ಲರ ಕೈಯಲ್ಲೂ ಫೋನ್ ಇದ್ದು ಯಾರಿಗೂ ಸಿಗ್ನಲ್ ಇರುವುದಿಲ್ಲ. ಆಗ ನಮ್ಮ ಜೀಪು ಹೋಗುತ್ತದೆ. ಜೀಪಿನಿಂದ ಒಂದು ಡ್ರೋನ್ ಅರವತ್ತು ಮೀಟರ್ ಮೇಲೇರಿ ನಿಲ್ಲುತ್ತದೆ. ಅದಕ್ಕೆ ಕರೆಂಟು ಕೆಳಗಿನಿಂದ ತಂತಿಯಲ್ಲಿ ಹೋಗುವುದರಿಂದ ಗಂಟೆಗಟ್ಟಲೆ ನಿಲ್ಲಬಲ್ಲದು. ಇನ್ನೆರಡು ಚಿಕ್ಕ ಡ್ರೋನ್‌ಗಳು ಸರದಿಯ ಮೇಲೆ ನೀರು ನಿಂತ ಓಣಿಯ ತಲೆಮೇಲೆ ಹೋಗಿ ನಿಲ್ಲುತ್ತವೆ. ಇವುಗಳ ಬ್ಯಾಟರಿಗೆ ಆಯಸ್ಸು ಇಪ್ಪತ್ತೈದು ನಿಮಿಷ. ಒಂದು ಇಳಿದು ಇನ್ನೊಂದು ಹೋಗುವಷ್ಟು ಹೊತ್ತು ಸಂಪರ್ಕ ಕಡಿಯುತ್ತದೆ. ನಾವು ಇದನ್ನು ಹಾರುವ ಟವರ್ ಎಂದು ಕರೆಯುತ್ತಿದ್ದೆವು.

ಬರೀ ಟವರ್ ಆಗಿದ್ದರೆ ನಾನು ಅಷ್ಟು ಬೀಗುತ್ತಿರಲಿಲ್ಲ. ಜೀಪಿನ ಹಿಂದೆ ಒಂದು ಪೆಟ್ಟಿಗೆ ಕಂಪ್ಯೂಟರ್ ಇತ್ತು. ಒಳಗೆ ಸಿಕ್ಕಿಕೊಂಡಿರುವ ಆರೋಗ್ಯ ಕಾರ್ಯಕರ್ತರು ತಮ್ಮ ಫೋನಿನಲ್ಲಿ ಒಬ್ಬೊಬ್ಬ ರೋಗಿಗೂ ಒಂದು ಫಾರಂ ತುಂಬಿ ಕಳಿಸಬೇಕು: ಹೆಸರು, ವಯಸ್ಸು, ರಕ್ತದಲ್ಲಿನ ಆಕ್ಸಿಜನ್, ನಾಡಿ. ಆಕ್ಸಿಜನ್ ನೋಡುವ ಆಕ್ಸಿಮೀಟರ್ ಎಂದರೆ ಕೊರೊನಾ ಕಾಲದಲ್ಲಿ ಎಲ್ಲರ ಬೆರಳಿಗೂ ಸಿಕ್ಕಿಸುತ್ತಿದ್ದರಲ್ಲ, ಅದೇ. ಪೆಟ್ಟಿಗೆ ಆ ಅಂಕಿಗಳನ್ನು ನೋಡಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿ, ದೋಣಿ ಯಾರನ್ನು ಮೊದಲು ತರಬೇಕೆಂದು ಪಟ್ಟಿ ಮಾಡುತ್ತದೆ. ಅದೇ ಪಟ್ಟಿ ದಾವಣಗೆರೆಯ ಆಸ್ಪತ್ರೆಯಲ್ಲಿ ಕೂತ ವೈದ್ಯರ ಪರದೆಯ ಮೇಲೂ ಬರುತ್ತದೆ.

ಇದಕ್ಕೆ ನಿಯಮಗಳನ್ನು ಮಾಡಿದವನು ನಾನು. ಮಾತಿನ ಕರೆ ಬಂದ್, ಏಕೆಂದರೆ ಮಾತು ಬಹಳ ಜಾಗ ತಿನ್ನುತ್ತದೆ. ನಾಲ್ಕು ಕಾಲಂಗಳು ತುಂಬಲೇಬೇಕು, ಒಂದು ಖಾಲಿ ಇದ್ದರೂ ಫಾರಂ ಮುಂದೆ ಹೋಗದು. ಆಕ್ಸಿಜನ್ ಅಂಕಿಯನ್ನು ಕೈಯಲ್ಲಿ ಒತ್ತುವಂತಿಲ್ಲ, ಯಂತ್ರದಿಂದಲೇ ಬರಬೇಕು. ಕೊನೆಯಲ್ಲಿ ಒಂದು ಷರಾ ಕಾಲಂ ಇತ್ತು, ಏನಾದರೂ ಬರೆಯುವುದಿದ್ದರೆ ಬರೆಯಲಿ ಎಂದು. ಷರಾಗಳನ್ನು ಎಲ್ಲ ಅಂಕಿಗಳೂ ಹೋದಮೇಲೆ, ಜಾಗ ಉಳಿದರೆ ಕಳಿಸು ಎಂದು ಪೆಟ್ಟಿಗೆಗೆ ಹೇಳಿಟ್ಟಿದ್ದೆ. ಬಂದ ಷರಾ ಬೇರೆ ಪುಟದಲ್ಲಿ ಕೂರುತ್ತಿತ್ತು. ಕಥೆ ಓದಲು ನನಗೆ ಪುರಸೊತ್ತಿಲ್ಲ ಎಂದು ಆಗ ಹೇಳಿದ್ದು ನೆನಪಿದೆ.

ಕೊನೆಯ ನಿಯಮ, ಪಟ್ಟಿಯನ್ನು ಯಾರೂ ಕೈಯಿಂದ ಬದಲಿಸಬಾರದು. ಇದಕ್ಕೆ ಕಾರಣವಿತ್ತು. ಆ ಬೇಸಿಗೆಯಲ್ಲಿ ಆನಗೋಡಿನ ಹತ್ತಿರ ಒಂದು ಕೆರೆ ಏರಿಯ ಮೇಲೆ ಅಣಕು ಕಾರ್ಯಾಚರಣೆ ಮಾಡಿದ್ದೆವು. ಸುಳ್ಳು ರೋಗಿಗಳು, ಸುಳ್ಳು ಪ್ರವಾಹ. ಅಷ್ಟರಲ್ಲೇ ಮೂವರು ದೊಡ್ಡವರು ಬಂದು ನಮ್ಮವನನ್ನು ಮೊದಲು ದೋಣಿಗೆ ಹತ್ತಿಸಿ, ಫೋಟೋ ಬರಬೇಕು ಎಂದರು. ಸುಳ್ಳು ಪ್ರವಾಹದಲ್ಲೇ ಹೀಗಾದರೆ ನಿಜದಲ್ಲಿ ಏನು ಗತಿ ಎಂದು ನನಗೆ ಮೈಯೆಲ್ಲ ಉರಿಯಿತು. ಜಾತಿ, ಶಿಫಾರಸು, ಅಳು, ಯಾವುದೂ ತಾಗದ ಪಟ್ಟಿಯೊಂದನ್ನು ಮಾಡುತ್ತೇನೆಂದು ಹಟ ಹಿಡಿದೆ, ಮಾಡಿಯೂ ಮಾಡಿದೆ.

ಕಾರ್ಯಕರ್ತೆಯರ ತರಬೇತಿ ದಾವಣಗೆರೆಯ ಒಂದು ಸಭಾಂಗಣದಲ್ಲಿ ನಡೆಯಿತು. ನಲವತ್ತು ಜನರಿದ್ದರು. ಹರಿಹರದಿಂದ ಬಂದಿದ್ದ ರತ್ನಮ್ಮ ಎಂಬ ಆಶಾ ಕಾರ್ಯಕರ್ತೆ ಎದ್ದು ನಿಂತಳು. ನಲವತ್ತೈದರ ಆಸುಪಾಸಿನ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದಳು.

"ಸರ್, ಬೆರಳಿಗೆ ಹಾಕಿದ್ರೂ ಮಷೀನು ನಂಬರ್ ತೋರಿಸ್ಲಿಲ್ಲ ಅಂದ್ರೆ ಏನ್ ಮಾಡ್ಬೇಕ್ರಿ?"

"ತೋರಿಸ್ತೈತಮ್ಮ."

"ಕೆಲವ್ರಿಗೆ ತೋರಿಸಂಗಿಲ್ರಿ. ಒಂದ್ ಕಡೆ 'ಸಿಗಲಿಲ್ಲ' ಅಂತ ಒತ್ತಾಕೆ ಜಾಗ ಕೊಟ್ರೆ..."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಮಷೀನಿಗೆ ಏನೂ ಆಗಿರಲ್ಲ, ಹಿಡಿಯೋ ಕೈ ನೆಟ್ಟಗಿರ್ಬೇಕು. 'ಸಿಗಲಿಲ್ಲ' ಅಂತ ಜಾಗ ಕೊಟ್ರೆ ನಾಳೆ ನೀವೆಲ್ಲ ಅದನ್ನೇ ಒತ್ತಿ ಮನೆಗೆ ಹೋಗ್ತೀರಿ. ಖಾಲಿ ಬಿಟ್ಟು ನನ್ನ ಡೇಟಾ ಕೆಡಿಸ್ಬ್ಯಾಡ್ರಿ" ಎಂದೆ. ಸಭೆ ನಕ್ಕಿತು. ರತ್ನಮ್ಮನೂ ನಕ್ಕಂತೆ ಮಾಡಿ ಕೂತಳು. ಒಂದು ಫಾರಂ ಹಿಡಿದು ಮನೆಮನೆ ತಿರುಗುವವರಿಗೆ, ಖಾಲಿ ಕಾಲಂ ಎಂದರೆ ಮೇಲಿನವರ ಬೈಗುಳ. ಮಗು ತೂಗುವ ತಕ್ಕಡಿ ಕೆಟ್ಟರೆ ಹೋದ ತಿಂಗಳ ತೂಕವನ್ನೇ ಬರೆದು ಮುಗಿಸುವುದು ಅವರಿಗೆ ನಮ್ಮಂಥವರೇ ಕಲಿಸಿದ ವಿದ್ಯೆ. ಅದು ನನಗೆ ಆಮೇಲೆ ತಿಳಿಯಿತು.

ಜುಲೈ ಕೊನೆಯ ವಾರ ಹೊಳೆ ಏರಿತು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಹರಿಹರದ ತಗ್ಗಿನ ಓಣಿಗಳಿಗೆ ನೀರು ನುಗ್ಗುವುದು ಹೊಸದಲ್ಲ, ಜನ ಪಾತ್ರೆ ಪಗಡ ಅಟ್ಟಕ್ಕೇರಿಸಿ ಶಾಲೆಗೆ ಹೋಗಿ ಮಲಗುತ್ತಾರೆ. ಈ ಸಲ ನೀರು ಬೆಳಗಿನ ಜಾವದಿಂದ ಎಂಟು ಗಂಟೆಯೊಳಗೆ ಎದೆಮಟ್ಟ ಬಂದಿತ್ತು. ನಮಗೆ ಕರೆ ಬಂದಾಗ ಏಳೂವರೆ. ಹದಿನಾಲ್ಕು ಕಿಲೋಮೀಟರ್ ದಾರಿ, ಒಂಬತ್ತಕ್ಕೆ ಜೀಪು ಹರಿಹರದ ಎತ್ತರದ ಒಂದು ಮೈದಾನದಲ್ಲಿ ನಿಂತಿತು. ಡ್ರೋನ್ ಹಾರಿಸುವವನು ಇರ್ಫಾನ್, ಹದಿನೈದು ವರ್ಷ ಮದುವೆ ವಿಡಿಯೋ ತೆಗೆದು ಕೈ ಪಳಗಿದವನು. ಗಾಳಿ ಇತ್ತು, ಮಳೆ ಜಿನುಗುತ್ತಿತ್ತು. ಅವನು ಆಕಾಶ ನೋಡಿ, "ಹಾರುತ್ತೆ ಸರ್, ಆದ್ರೆ ಬ್ಯಾಟರಿ ಬೇಗ ತಿನ್ನುತ್ತೆ" ಎಂದ.

ನೀರು ತುಂಬಿದ ಒಂದು ಓಣಿಯಲ್ಲಿ ಅಕ್ಕಿ ವ್ಯಾಪಾರಿಯೊಬ್ಬರ ಮೂರಂತಸ್ತಿನ ಮನೆಯ ತಾರಸಿ ಮೇಲೆ ಅರವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಅವರ ನಡುವೆ ರತ್ನಮ್ಮನಿದ್ದಳು. ತನ್ನ ಓಣಿಯ ಬಸುರಿಯರು ಯಾರ್ಯಾರೆಂದು ಅವಳಿಗೆ ಬಾಯಿಪಾಠ. ಅವರನ್ನು ಹೊರಗೆ ಕರೆತರುತ್ತೇನೆಂದು ಬೆಳಕು ಹರಿಯುವ ಮೊದಲೇ ಒಳಗೆ ಹೋದವಳು, ಹಿಂದಿನಿಂದ ನೀರು ಬಂದು ಅಲ್ಲೇ ಉಳಿದಿದ್ದಳು. ನಾವು ಕೊಟ್ಟ ಚೀಲ ಹೆಗಲಲ್ಲಿತ್ತು.

ಒಂಬತ್ತು ಮುಕ್ಕಾಲಿಗೆ ಅವಳ ಮೊದಲ ಫಾರಂ ನಮ್ಮ ಪರದೆಗೆ ಬಂತು. ಇರ್ಫಾನ್ ಚಪ್ಪಾಳೆ ಹೊಡೆದ. ನಾನು ನಾಚಿಕೆಯಿಲ್ಲದೆ ಕಣ್ಣೊರೆಸಿಕೊಂಡೆ. ಒಂದೂ ಟವರ್ ಬದುಕಿರದ ಊರಿನಲ್ಲಿ, ನೀರಿನ ನಡುವಿನ ತಾರಸಿಯಿಂದ ಒಬ್ಬ ಮುದುಕನ ನಾಡಿ ನನ್ನ ಕೈಯಲ್ಲಿತ್ತು. ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಜನರ ಫಾರಂ ಬಂದವು. ಎದೆನೋವಿನ ಮುದುಕ ಮತ್ತು ಹಾವು ಕಚ್ಚಿದ ಒಬ್ಬ ಹಮಾಲ ಕೆಂಪು. ಎಂಟು ಜನ ಹಳದಿ. ನಾಲ್ವರು ಹಸಿರು. ಹಸಿರಿನಲ್ಲಿ ಮೊದಲನೆಯವಳು, ಒಟ್ಟು ಪಟ್ಟಿಯಲ್ಲಿ ಹನ್ನೊಂದನೆಯವಳು, ಪವಿತ್ರಾ, ಇಪ್ಪತ್ತಮೂರು ವರ್ಷ, ಆಕ್ಸಿಜನ್ ತೊಂಬತ್ತೆಂಟು, ನಾಡಿ ಎಂಬತ್ತಾರು.

ರೋಗಿಗಳಿಗೆಂದು ಸಿಕ್ಕಿದ್ದು ಒಂದೇ ದೋಣಿ. ಸೆಳವು ಜೋರಾಗಿದ್ದರಿಂದ ಸುತ್ತುಹಾಕಿ ಹೋಗಿ ಬರಲು ನಲವತ್ತು ನಿಮಿಷ ಬೇಕಿತ್ತು. ಒಂದು ಸಲಕ್ಕೆ ಇಬ್ಬರು ರೋಗಿಗಳು, ಜೊತೆಗೆ ಒಬ್ಬಿಬ್ಬರು. ಹತ್ತು ಇಪ್ಪತ್ತಕ್ಕೆ ದೋಣಿ ಮೊದಲ ಸಲ ಹೊರಟಿತು.

ಆ ಹೊತ್ತಿಗೆ ಕೊಟ್ರೇಶಪ್ಪ ಬಂದರು. ಪವಿತ್ರಾಳ ತಂದೆ. ಪೇಟೆಯಲ್ಲಿ ಹಗ್ಗ, ಗೋಣಿಚೀಲ ಮಾರುವ ಅಂಗಡಿ ಅವರದು. ಮಾಲು ಮೇಲಿನ ಹಲಗೆಗೆ ಎತ್ತಿಡಲು ನಸುಕಿನಲ್ಲೇ ಅಂಗಡಿಗೆ ಹೋದವರಿಗೆ ಮನೆಗೆ ತಿರುಗುವ ದಾರಿ ನೀರಿನಡಿ ಹೋಗಿತ್ತು. ಹೆಂಡತಿ ಮಗಳು ಇಬ್ಬರೂ ಆ ತಾರಸಿ ಮೇಲಿದ್ದರು. ವಿಭೂತಿ ಅರ್ಧ ಅಳಿಸಿದ ಹಣೆ, ಮೊಣಕಾಲವರೆಗೆ ಕೆಸರು.

"ಸರ್, ನನ್ನ ಮಗಳಿಗೆ ಎಂಟ್ ತಿಂಗ್ಳು. ಮೊನ್ನೆ ಕುಬಸ ಮಾಡಿ ಕರ್ಕೊಂಡ್ ಬಂದೀವಿ. ರಾತ್ರಿಯಿಂದ ಮಲಗಾಕೆ ಆಗ್ತಿಲ್ಲ ಅಂತಾಳೆ. ಗ್ವಾಡಿಗೆ ಒರಗಿ ಕುಂತೇ ಇದಾಳೆ. ಉಸಿರು ಹಿಡಿತೈತೆ ಅಂತ ಫೋನ್ ಮಾಡಿದ್ಲು, ಆಮೇಲೆ ಫೋನೇ ಹೋತು."

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. "ನೋಡ್ರಿ ಯಜಮಾನ್ರೇ. ತೊಂಬತ್ತೆಂಟು. ನನಗೂ ಇಷ್ಟಿಲ್ಲ. ನೂರಕ್ಕೆ ತೊಂಬತ್ತೆಂಟು ಇರೋಳಿಗೆ ಉಸಿರಿಗೇನೂ ತೊಂದ್ರೆ ಇರಲ್ಲ. ಹೆದರಿಕೆಗೆ ಹಂಗನಿಸ್ತೈತಿ."

ಅವರು ಆ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇದು ನನ್ನ ಮಗಳದೇ ಏನ್ರಿ?"

"ಹೆಸರು ಐತಲ್ರಿ ಪಕ್ಕದಾಗೆ."

ಅವರು ನಂಬಿದರು. ಮುಖ ಸಡಿಲಾಯಿತು. ಜೀಪಿನ ಮುಂದಿನ ಗಾಲಿಯ ಹತ್ತಿರ ನಿಂತುಕೊಂಡರು, ಮತ್ತೆ ಅಲ್ಲಿಂದ ಕದಲಲಿಲ್ಲ.

ದೋಣಿ ಒಮ್ಮೆ ಬಂದುಹೋದ ಮೇಲೆ, ಅವಳ ಬಸಿರಿನ ಸಂಗತಿ ನನ್ನಿಂದ ಕೇಳಿ, ಆಸ್ಪತ್ರೆಯಲ್ಲಿ ಕೂತಿದ್ದ ಡಾಕ್ಟರ್ ನಾಗವೇಣಿಯವರಿಗೂ ಅನುಮಾನ ಬಂತು. ನಮ್ಮಿಬ್ಬರ ನಡುವೆ ಮಾತ್ರ ಮಾತಿನ ಸಂಪರ್ಕವಿತ್ತು. "ತುಂಬು ಬಸುರಿ ಹಸಿರಿನಾಗೆ ಯಾಕ ಐದಾಳೆ? ಬಿಪಿ ಎಷ್ಟೈತೆ?" ಎಂದು ಕೇಳಿದರು. ಬಿಪಿ ಯಂತ್ರ ನೆನೆದುಹೋಗಿದೆಯೆಂದು ದೋಣಿಯವನು ಹೇಳಿದ, ಆಕ್ಸಿಜನ್ ತೊಂಬತ್ತೆಂಟಿದೆ ಎಂದೆ. ಅವರು, "ಯಂತ್ರದ್ದೇ ತಾನೆ, ಕೈಯಾಗೆ ಬರ್ದಿದ್ದಲ್ಲ?" ಎಂದರು. ಕೈಯಲ್ಲಿ ಬರೆಯಲು ಆಗುವುದೇ ಇಲ್ಲ ಡಾಕ್ಟ್ರೇ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಹಾಗಾದರೆ ಕಾಯಬಹುದು ಎಂದರು.

ಎರಡನೇ ಸಲ ದೋಣಿ ಬಂದಾಗ ದೋಣಿಯವನು ಜೀಪಿನತ್ತ ಕೂಗಿದ. "ಸರ್, ಆ ಆಶಾ ಅಕ್ಕ ಬಸುರಿ ಹೆಣ್ಮಗಳನ್ನ ಮೊದ್ಲು ಕರ್ಕೊಂಡ್ ಹೋಗ್ರಿ ಅಂತ ಬಾಳ ಹೇಳ್ತಿದಾಳೆ. ಕರ್ಕೊಂಡ್ ಬರ್ಲೇನ್ರಿ?"

ಪ್ರತಿ ಸಲವೂ ಇಂಥ ಎರಡು ಮೂರು ಮಾತು ಬರುತ್ತಿದ್ದವು. ನಮ್ಮಪ್ಪನಿಗೆ ಹೆಚ್ಚಾಗಿದೆ, ನಮ್ಮ ಮಗುವಿಗೆ ಜ್ವರ ಏರಿದೆ ಎಂದು. ಕೆರೆ ಏರಿಯ ಮೇಲಿನ ಆ ಮೂವರು ದೊಡ್ಡವರು ನನ್ನ ಕಣ್ಣ ಮುಂದೆ ಬಂದರು.

"ಪಟ್ಟಿ ಪ್ರಕಾರ ತರ್ರಿ" ಎಂದೆ.

ಕೊಟ್ರೇಶಪ್ಪ ನನ್ನನ್ನೇ ನೋಡಿದರು. ನಾನು ಮತ್ತೊಮ್ಮೆ ಪರದೆ ತೋರಿಸಿದೆ. ಅವರು ತಲೆಯಾಡಿಸಿದರು. ತಮಗಿಂತ ಹೆಚ್ಚು ತಿಳಿದವರ ಎದುರು ಸಂಭಾವಿತರು ತಲೆಯಾಡಿಸುವ ರೀತಿ ಅದು. ಅವರು ನನ್ನ ಕೊರಳಪಟ್ಟಿ ಹಿಡಿಯಬೇಕಿತ್ತು ಎಂದು ಈಗ ಅನಿಸುತ್ತದೆ.

ಹನ್ನೆರಡೂವರೆಗೆ ಯಾರೋ ಪುಣ್ಯಾತ್ಮರು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತಂದರು. ಕಾಗದದ ಮೇಲೆ ಹರಡಿಕೊಂಡು ಜೀಪಿನ ಹಿಂದೆ ಕೂತು ತಿಂದೆವು. ಕೊಟ್ರೇಶಪ್ಪನವರಿಗೂ ಕೊಟ್ಟೆ, ಬ್ಯಾಡ್ರಿ ಎಂದರು. ಗಾಳಿ ತುಸು ತಗ್ಗಿತ್ತು, ಸಂಪರ್ಕ ಚೆನ್ನಾಗಿತ್ತು, ಪೆಟ್ಟಿಗೆಯ ದೀಪ ಚಕಚಕನೆ ಮಿನುಗುತ್ತಿತ್ತು. ಬಾಕಿ ಇದ್ದುದನ್ನೆಲ್ಲ ಎಳೆದುಕೊಳ್ಳುತ್ತಿದೆ ಎಂದು ಇರ್ಫಾನ್ ಹೇಳಿದ. ಬಾಕಿ ಇದ್ದುದು ಏನು ಎಂದು ನಾನು ನೋಡಲಿಲ್ಲ. ಒಂದು ಗಂಟೆಗೆ ದೋಣಿ ಐದನೇ ಸಲ ಹೊರಟಿತು, ಒಂಬತ್ತು ಮತ್ತು ಹತ್ತನೆಯವರನ್ನು ತರಲು.

ಎರಡು ಇಪ್ಪತ್ತಕ್ಕೆ ಪವಿತ್ರಾ ಬಂದಳು. ದೋಣಿಯಲ್ಲಿ ಅವಳನ್ನು ಮಲಗಿಸಿರಲಿಲ್ಲ. ರತ್ನಮ್ಮ ಹಿಂದೆ ಕೂತು, ಎದೆಗೆ ಒರಗಿಸಿಕೊಂಡು, ಎರಡೂ ತೋಳಲ್ಲಿ ಎತ್ತಿ ಹಿಡಿದಿದ್ದಳು. ತಾಯಿ ಕಾಲ ಬಳಿ ಕೂತು ಬಿಕ್ಕುತ್ತಿದ್ದಳು. ಹುಡುಗಿಯ ತುಟಿ ನೇರಳೆಯಾಗಿತ್ತು. ಬಾಯಂಚಿನಲ್ಲಿ ತಿಳಿಗೆಂಪು ನೊರೆ. ಒಂದೊಂದು ಉಸಿರಿಗೂ ಕುತ್ತಿಗೆಯ ನರ ಎದ್ದು ನಿಲ್ಲುತ್ತಿತ್ತು. ಮೊಣಕೈವರೆಗೂ ಕುಬಸದ, ಅಂದರೆ ಸೀಮಂತದ, ಹಸಿರು ಬಳೆ. ಹತ್ತು ಬೆರಳೂ ತುದಿಯಿಂದ ಎರಡು ಗೆಣ್ಣಿನವರೆಗೆ ಮೆಹಂದಿಯಲ್ಲಿ ಅದ್ದಿ ತೆಗೆದಂತೆ ಕಪ್ಪಗಿದ್ದವು.

ಆ ಬೆರಳುಗಳನ್ನು ನೋಡಿದೊಡನೆ ನನಗೆ ಅರ್ಥವಾಯಿತು. ಆಕ್ಸಿಮೀಟರ್ ಬೆರಳಿನೊಳಗೆ ಕೆಂಪು ಬೆಳಕು ಹಾಯಿಸಿ ಅಳೆಯುತ್ತದೆ. ಉಗುರು, ಚರ್ಮ ಎರಡರ ಮೇಲೂ ಗಾಢ ಬಣ್ಣ ಕೂತು, ಮೇಲೆ ಬೆರಳು ತಣ್ಣಗಾಗಿದ್ದರೆ ಬೆಳಕು ದಾಟುವುದಿಲ್ಲ. ಈ ಬೆರಳಿನಿಂದ ತೊಂಬತ್ತೆಂಟು ಬರಲು ಸಾಧ್ಯವೇ ಇರಲಿಲ್ಲ.

"ಯಾರ ಬೆರಳಿಗೆ ಹಾಕಿದ್ದೆ?" ಎಂದು ರತ್ನಮ್ಮನ ಮೇಲೆ ಕೂಗಿದೆ.

"ನನ್ನದಕ್ಕೇ ಹಾಕಿದ್ದು ಸರ್. ಈಕೆದು ಐದಾರ್ ಸಲ ನೋಡಿದೆ, ಹಿಡೀಲಿಲ್ಲ. ಖಾಲಿ ಬಿಟ್ರೆ ಫಾರಂ ಹೋಗಂಗಿಲ್ಲ, ಹೆಸರೇ ಪಟ್ಟಿಯಾಗೆ ಬರಂಗಿಲ್ಲ, ದೋಣಿನೂ ಬರಂಗಿಲ್ಲ. ಅದಕ್ಕೆ..."

ಅವಳು ಮುಂದೇನೋ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಕೊಟ್ರೇಶಪ್ಪನವರ ಕಿವಿಗೆ ಬಿದ್ದದ್ದು 'ನನ್ನದಕ್ಕೇ ಹಾಕಿದ್ದು' ಎಂಬುದಷ್ಟೇ. ಅವರು ರತ್ನಮ್ಮನ ಕೆನ್ನೆಗೆ ಹೊಡೆದರು. ಅವಳು ಕೈ ಅಡ್ಡ ತರಲಿಲ್ಲ, ಪವಿತ್ರಾಳನ್ನು ಹಿಡಿದಿದ್ದ ತೋಳನ್ನೂ ಸಡಿಲಿಸಲಿಲ್ಲ.

ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಮುಟ್ಟಿಸಿದೆವು. ಡಾಕ್ಟರ್ ನಾಗವೇಣಿ ಕಿವಿಯ ಹಾಲೆಗೆ ಸಿಕ್ಕಿಸುವ ಯಂತ್ರ ಹಾಕಿ ನೋಡಿದರು, ಅರವತ್ತೊಂಬತ್ತು. ಬಸಿರಿನಲ್ಲಿ ರಕ್ತದೊತ್ತಡ ಏರಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಒಂದು ಗಂಟೆ ಹೆಣಗಾಡಿದರು. ಮಗು ಮೊದಲು ಹೋಯಿತು, ಇಪ್ಪತ್ತು ನಿಮಿಷದ ಮೇಲೆ ತಾಯಿ. ಡಾಕ್ಟರ್ ಹೊರಗೆ ಬಂದು ಗೋಡೆಗೆ ಕೈಯೂರಿ ನಿಂತರು. "ಬೆಳಗ್ಗೆ ಮೊದಲ್ನೇ ದೋಣಿಗೆ ಬಂದಿದ್ರೆ ಇಬ್ರೂ ಉಳೀತಿದ್ರು. ಅರ್ಧ ತಾಸು ಮೊದ್ಲು ಬಂದಿದ್ರೂ ನಾನು ತಾಯಿನ್ನಾದ್ರೂ ಬಿಟ್ಕೊಡ್ತಿರ್ಲಿಲ್ಲ" ಎಂದರು.

ಅಂದು ಸಂಜೆ ಜೀಪಿನಲ್ಲಿ ಕೂತು ಪೆಟ್ಟಿಗೆಯ ದಾಖಲೆ ತೆರೆದೆ. ರತ್ನಮ್ಮನ ತಪ್ಪಿನ ಗುರುತು ಹುಡುಕುವುದೇ ನನ್ನ ಉದ್ದೇಶವಾಗಿತ್ತು. ಷರಾ ಪುಟವನ್ನು ನಾನು ಆ ದಿನ ಮೊದಲ ಸಲ ತೆರೆದದ್ದು. ಹನ್ನೊಂದನೇ ರೋಗಿಯ ಮುಂದೆ ಹೀಗಿತ್ತು: "ಬೆರಳಿಗೆ ಮೆಹಂದಿ ಇದೆ ಮಷೀನ್ ಹಿಡಿಯುತ್ತಿಲ್ಲ. ಈ ನಂಬರ್ ನನ್ನ ಬೆರಳಿನದು. ಈಕೆಗೆ ಏದುಸಿರು, ಮಲಗಲು ಆಗುತ್ತಿಲ್ಲ, ಮುಖ ಕಾಲು ಊದಿದೆ. ದಯವಿಟ್ಟು ಮೊದಲು ಈಕೆಯನ್ನು ಕರೆಸಿ." ಅವಳು ಬರೆದದ್ದು ಹತ್ತು ಗಂಟೆ ಐದು ನಿಮಿಷಕ್ಕೆ. ನಮ್ಮ ಪೆಟ್ಟಿಗೆಗೆ ಬಂದದ್ದು ಹನ್ನೆರಡು ಐವತ್ತಕ್ಕೆ, ನಾವು ಮಂಡಕ್ಕಿ ತಿನ್ನುತ್ತಿದ್ದಾಗ. ಐದನೇ ದೋಣಿ ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಆಗ ನಾನು ಒಂದು ಪುಟ ತಿರುಗಿಸಿದ್ದರೆ ಅವಳು ನಲವತ್ತು ನಿಮಿಷ ಮೊದಲು ದಡಕ್ಕೆ ಬರುತ್ತಿದ್ದಳು.

ಆ ಪುಟವನ್ನು ಮುದ್ರಿಸಿಕೊಂಡೆ. ಮಡಚಿ ಚೀಲದ ಒಳಜೇಬಿಗೆ ಹಾಕಿದೆ. ಇರ್ಫಾನ್‌ಗೂ ತೋರಿಸಲಿಲ್ಲ.

ಹದಿನೈದು ದಿನದ ಮೇಲೆ ವಿಚಾರಣೆ ನಡೆಯಿತು. ಮೇಜಿನ ಆಚೆ ಮೂವರು, ಈಚೆ ನಾನು, ರತ್ನಮ್ಮ. ದೋಣಿಯವನನ್ನು ಯಾರೂ ಕರೆಸಿರಲಿಲ್ಲ. ಯೋಜನೆಯನ್ನು ಇನ್ನಷ್ಟು ಜಿಲ್ಲೆಗಳಿಗೆ ವಿಸ್ತರಿಸಬೇಕೇ ಎಂಬ ತೀರ್ಮಾನ ಅದೇ ವಾರ ಆಗಬೇಕಿತ್ತು. ಹಿರಿಯ ಅಧಿಕಾರಿ ನನ್ನನ್ನು ಕೇಳಿದರು, "ಯಂತ್ರ ತಪ್ಪು ತೋರಿಸಿತಾ?"

"ಇಲ್ಲ ಸರ್. ಯಂತ್ರ ಸರಿಯಾಗೇ ಇತ್ತು. ಎಂಟ್ರಿ ತಪ್ಪಾಗಿದೆ."

ರತ್ನಮ್ಮ ನಡುವೆ ಬಾಯಿ ಹಾಕಿದಳು. "ಸರ್, ನಾನು ಷರಾ ಕಾಲಂನಾಗೆ ಎಲ್ಲಾ ಬರ್ದಿದ್ದೆನ್ರಿ. ನನ್ನ ಬೆರಳು ಅಂತಾನೂ ಬರ್ದಿದ್ದೆ."

ಅಧಿಕಾರಿ ನನ್ನತ್ತ ತಿರುಗಿದರು. "ಬಂದಿದೆಯಾ?"

ಚೀಲ ನನ್ನ ತೊಡೆಯ ಮೇಲಿತ್ತು. ಒಳಜೇಬಿನ ಕಾಗದ ಬೆರಳಿಗೆ ತಾಗುತ್ತಿತ್ತು. "ಪಟ್ಟಿಯಲ್ಲಿ ಬಂದಿಲ್ಲ ಸರ್" ಎಂದೆ.

ಅದು ಸುಳ್ಳಲ್ಲ. ಷರಾ ಪಟ್ಟಿಯಲ್ಲಿ ಬರುವುದಿಲ್ಲ, ಬೇರೆ ಪುಟದಲ್ಲಿ ಬರುತ್ತದೆ. ಹಾಗೆಂದು ಸ್ವತಃ ನಾನೇ ಮಾಡಿದ್ದೆ. ಇಪ್ಪತ್ತೊಂಬತ್ತು ವರ್ಷ ಕಚೇರಿಯಲ್ಲಿದ್ದವನಿಗೆ ಸುಳ್ಳು ಹೇಳದೆ ಒಬ್ಬರನ್ನು ಮುಳುಗಿಸುವುದು ಹೇಗೆಂದು ಗೊತ್ತಿರುತ್ತದೆ. ರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸುಳ್ಳು ದಾಖಲೆ ಸೃಷ್ಟಿಸಿ ಸಾವಿಗೆ ಕಾರಣಳಾದಳೆಂದು ಅವಳನ್ನು ಕೆಲಸದಿಂದ ತೆಗೆದರು. ಯೋಜನೆ ವಿಸ್ತರಣೆಯಾಯಿತು. ನನಗೆ ಒಂದು ಶಾಲು ಹೊದಿಸಿದರು.

ಒಂದು ವರ್ಷ ಆ ಶಾಲು ಬೀರುವಿನಲ್ಲೇ ಇತ್ತು, ಕಾಗದ ಚೀಲದಲ್ಲೇ ಇತ್ತು. ಈ ಮಧ್ಯೆ ನಾನು ಸದ್ದಿಲ್ಲದೆ ಫಾರಂನಲ್ಲಿ 'ಸಿಗಲಿಲ್ಲ' ಎಂಬ ಗುಂಡಿಯನ್ನು ಸೇರಿಸಿದೆ. ಅದನ್ನು ಒತ್ತಿದರೆ ರೋಗಿ ಸೀದಾ ಕೆಂಪಿಗೆ ಹೋಗುತ್ತಾನೆ, ಷರಾ ಮೊದಲು ಬರುತ್ತದೆ. ಒಳ್ಳೆಯ ಸುಧಾರಣೆ ಎಂದು ಮೆಚ್ಚಿದರು. ಯಾರ ಸಲಹೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ಕೆಲಸ ಬಿಟ್ಟ ಮೇಲೆ, ಅಂದರೆ ಕಳೆದುಕೊಳ್ಳುವಂಥದ್ದೇನೂ ಉಳಿಯದಿದ್ದಾಗ, ಎಲ್ಲವನ್ನೂ ಬರೆದು ಕಚೇರಿಗೆ ಕೊಟ್ಟೆ. ಪ್ರಕರಣ ಮುಕ್ತಾಯವಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು.

ರತ್ನಮ್ಮ ಹರಿಹರ ಬಿಟ್ಟಿದ್ದಳು. ದಾವಣಗೆರೆಯಲ್ಲಿ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಾಳೆಂದು ತಿಳಿದು ಹುಡುಕಿಕೊಂಡು ಹೋದೆ. ಹೊಗೆ, ಕಾದ ಮರಳಿನ ವಾಸನೆ. ಅವಳು ಜರಡಿ ಹಿಡಿದು ಮಂಡಕ್ಕಿ ಸೋಸುತ್ತಿದ್ದಳು. ನನ್ನನ್ನು ಗುರುತು ಹಿಡಿದಳು, ಕೂಡ್ರಿ ಎನ್ನಲಿಲ್ಲ.

"ನಾನು ಬರ್ದಿದ್ದು ಬಂದಿತ್ತೇನ್ರಿ?" ಎಂದು ಅವಳೇ ಕೇಳಿದಳು.

"ಬಂದಿತ್ತು."

"ಯಾವತ್ತು ಓದಿದ್ರಿ?"

"ಅವತ್ತೇ ಸಂಜೆ."

ಜರಡಿ ನಿಲ್ಲಲಿಲ್ಲ. ನಾನು ಕ್ಷಮೆಯ ಮಾತಿಗೆ ಬಾಯಿ ತೆರೆದೆ. ಅವಳು ತಲೆಯೆತ್ತದೆ ಹೇಳಿದಳು, "ನನಗ್ಯಾಕ ಹೇಳ್ತೀರಿ? ನಾನು ಬರ್ದಿದ್ದು ನನಗೆ ಗೊತ್ತಿಲ್ಲೇನು? ಕೊಟ್ರೇಶಪ್ಪಾರಿಗೆ ಹೇಳ್ರಿ. ಆ ಹುಡುಗಿ ಸಣ್ಣಾಕಿದ್ದಾಗ ಪೋಲಿಯೋ ಹನಿ ಹಾಕ್ದೋಳು ನಾನು. ಆ ಓಣಿಯಾಗೆ ಯಾರೂ ನನಗೆ ಒಂದ್ ಲೋಟ ನೀರ್ ಕೊಡಲ್ಲ ಈಗ."

ಅಲ್ಲಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್. ಹೋಗಲು ನನಗೆ ಮೂರು ತಿಂಗಳು ಬೇಕಾಯಿತು.

ಕೊಟ್ರೇಶಪ್ಪ ನನ್ನನ್ನು ಕಂಡು ಗಲ್ಲಾ ಬಿಟ್ಟು ಎದ್ದರು. ಬರ್ರಿ ಸರ್, ಕೂಡ್ರಿ ಎಂದು ಹಗ್ಗದ ಸುರುಳಿ ಸರಿಸಿ ಜಾಗ ಮಾಡಿದರು. ಚಹಾ ತರಿಸಿದರು. "ಅವತ್ತು ನೀವೊಬ್ರೇ ಸರ್, ನಿಂತು ನನಗೆ ಸಮಾಧಾನ ಹೇಳಿದ್ದು. ಆ ಹೆಂಗಸು ಮಾಡಿದ್ದಕ್ಕೆ ನೀವೇನ್ ಮಾಡ್ತೀರಿ" ಎಂದರು. ಚಹಾದ ಲೋಟ ಕೆಳಗಿಟ್ಟೆ. ಕಾಗದ ತೆಗೆದು ಕೊಟ್ಟೆ. ಅದು ಯಾವಾಗ ಬಂತು, ನಾನು ಆಗ ಏನು ಮಾಡುತ್ತಿದ್ದೆ, ವಿಚಾರಣೆಯಲ್ಲಿ ಏನು ಹೇಳಿದೆ, ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಆ ಸಾಲುಗಳನ್ನು ಓದಿದರು. ಮತ್ತೊಮ್ಮೆ ಓದಿದರು. 'ಮಲಗಲು ಆಗುತ್ತಿಲ್ಲ' ಎಂಬಲ್ಲಿ ಬೆರಳಿಟ್ಟರು.

"ನಾನೂ ಇದನ್ನೇ ಹೇಳಿದ್ನಲ್ರಿ" ಎಂದರು. ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಆಕೆ ಕೆನ್ನಿಗೆ ಹೊಡೆದ್ನಲ್ರಿ ನಾನು."

ನಾನು ಏನೋ ಹೇಳಲು ಹೋದೆ.

"ಇದು ನನ್ನ ಹತ್ರ ಇರ್ಲಿ. ನೀವು ಅಂಗಡಿಯಿಂದ ಕೆಳಗಿಳೀರಿ ಸರ್."

ಇಳಿದೆ. ಅವರು ಹಿಂದೆಯೇ ಬಂದು ಅಂಗಡಿಯ ಬಾಗಿಲೆಳೆದು, ಕಾಗದವನ್ನು ಅಂಗಿಯ ಜೇಬಿಗಿಟ್ಟುಕೊಂಡು, ಆಕೆ ಎಲ್ಲಿದ್ದಾಳೆಂದು ಮಾತ್ರ ಕೇಳಿದರು. ಹೇಳಿದೆ. ನನ್ನ ಕಾರಿನಲ್ಲಿ ಬನ್ನಿ ಎಂದೆ. ಅವರು ಬಸ್ ನಿಲ್ದಾಣದ ಕಡೆ ನಡೆದರು.

ಈ ವೃತ್ತಿ ನಿಮಗೆ ಏನು ಕಲಿಸಿತು ಎಂದು ತರಬೇತಿಗಳಲ್ಲಿ ಈಗಲೂ ಕೇಳುತ್ತಾರೆ. ಬ್ಯಾಟರಿ, ಗಾಳಿ, ಸಿಗ್ನಲ್ ಎಂದು ಏನೇನೋ ಹೇಳಿ ಬರುತ್ತೇನೆ. ನಿಜ ಇಷ್ಟೇ. ಆ ದಿನ ನಮ್ಮ ಡ್ರೋನ್ ಕೆಡಲಿಲ್ಲ, ಪೆಟ್ಟಿಗೆ ಕೆಡಲಿಲ್ಲ. ಒಬ್ಬ ಹೆಂಗಸು ಬರೆದ ನಾಲ್ಕು ಸಾಲು ನೀರು ದಾಟಿ, ಗಾಳಿ ದಾಟಿ, ತಡವಾಗಿಯಾದರೂ ನನ್ನ ಮುಂದೆ ಬಂದು ಕೂತಿತ್ತು. ಅಲ್ಲಿಂದ ಮುಂದಕ್ಕೆ ಅದು ಹೋಗಲಿಲ್ಲ, ಏಕೆಂದರೆ ಅಲ್ಲಿ ನಾನಿದ್ದೆ.